ರಾಮಣ್ಣ ರೈಗಳ ಕೊಡುಗೆ, ಬಾಗಿಲಿನ ಬೀಗ

2018ರ ಜುಲೈ 5ರಂದು ಅಂದಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಮಂಡಿಸಿದ ಬಜೆಟ್ಟಿನಲ್ಲಿ 28,847 ಸರ್ಕಾರಿ ಶಾಲೆಗಳನ್ನು ಆಸುಪಾಸಿನ 8,530 ಶಾಲೆಗಳೊಂದಿಗೆ ವಿಲೀನಗೊಳಿಸುವ ಪ್ರಸ್ತಾಪವಿತ್ತು. ಸಾಹಿತಿಗಳು ಕೆರಳಿದರು, ಕನ್ನಡ ಸಂಘಟನೆಗಳು ಬೀದಿಗಿಳಿದವು, ಸರ್ಕಾರ ದನಿ ತಗ್ಗಿಸಿತು. ಇದಾಗಿ ಏಳು ವಾರಕ್ಕೆ, ಆಗಸ್ಟ್ 24ರಂದು, ರಿಷಬ್ ಶೆಟ್ಟಿ ನಿರ್ದೇಶನದ 'ಸರ್ಕಾರಿ ಹಿ.ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ' ಬಿಡುಗಡೆಯಾಯಿತು. ಮುಚ್ಚಿಹೋಗುವ ಒಂದು ಕನ್ನಡ ಶಾಲೆಯನ್ನು ಮಕ್ಕಳೇ ಉಳಿಸಿಕೊಳ್ಳುವ ಕತೆ. ಊರೂರಿನ ಟಾಕೀಸುಗಳಲ್ಲಿ ಜನ ಎದ್ದುನಿಂತು ಚಪ್ಪಾಳೆ ಹೊಡೆದರು. ಮರುವರ್ಷ ಅದಕ್ಕೆ ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಘೋಷಣೆಯಾಯಿತು. ಬಜೆಟ್ಟಿಗೂ ಚಿತ್ರಕ್ಕೂ ನೇರ ಸಂಬಂಧವೇನೂ ಇಲ್ಲ; ಚಿತ್ರ ಅದಕ್ಕಿಂತ ಮೊದಲೇ ತಯಾರಾಗಿತ್ತು. ಆದರೂ ಈ ಎರಡನ್ನು ಒಟ್ಟಿಗಿಟ್ಟು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ತಮ್ಮ ಸರ್ಕಾರ ಸಾವಿರಗಟ್ಟಲೆ ಶಾಲೆಗಳ ಲೆಕ್ಕ ಹಾಕುತ್ತಿದ್ದ ಹೊತ್ತಿನಲ್ಲಿ ಕನ್ನಡದ ಪ್ರೇಕ್ಷಕರು ಪಕ್ಕದ ರಾಜ್ಯದ ಸರ್ಕಾರ ಮುಚ್ಚುವ ಒಂದು ಶಾಲೆಗಾಗಿ ಕಣ್ಣೀರು ಹಾಕಿದರು.

ಚಿತ್ರಕ್ಕೆ ಸಲ್ಲಬೇಕಾದ ಗೌರವ ಮೊದಲು ಸಲ್ಲಲಿ. ಕಾಸರಗೋಡಿನ ಕನ್ನಡ ಶಾಲೆಗಳಿಗೆ ಕನ್ನಡದ ಗಂಧಗಾಳಿ ಇಲ್ಲದ ಮಲಯಾಳಿ ಶಿಕ್ಷಕರನ್ನು ನೇಮಿಸಿದ್ದು ಕಟ್ಟುಕತೆಯಲ್ಲ. ಅದರ ವಿರುದ್ಧ ಅಲ್ಲಿನ ಮಕ್ಕಳು, ಪೋಷಕರು ಶಾಲೆಯ ಗೇಟಿನ ಮುಂದೆ ಧರಣಿ ಕೂತದ್ದು ನಿಜ. 1956ರ ನವೆಂಬರ್ 1ರಿಂದ ಎರಡು ದಡಗಳ ನಡುವೆ ಸಿಕ್ಕಿಕೊಂಡ ಆ ಜನರ ಸಂಕಟವನ್ನು ನಗಿಸುತ್ತಲೇ ಹೇಳಿದ್ದು ಸಣ್ಣ ಸಾಧನೆಯಲ್ಲ. ನನಗೆ ಇನ್ನೂ ಹಿಡಿಸಿದ್ದೆಂದರೆ ತರಗತಿಯಲ್ಲಿ ಮಮ್ಮುಟ್ಟಿ ಎಂಬೊಬ್ಬ ಹುಡುಗನಿರುವುದು. ಅವನು ಸಮುದಾಯದ ಪ್ರತಿನಿಧಿಯಾಗಿ ಬರುವುದಿಲ್ಲ, ತರಗತಿಯ ಹುಡುಗನಾಗಿ ಬರುತ್ತಾನೆ. ಕರಾವಳಿಯ ಕತೆ ಎಂದಕೂಡಲೇ ಬಿಳಿ ಗಡ್ಡದ ಸಾಹೇಬರೊಬ್ಬರನ್ನು ಎಳೆತಂದು ಸೌಹಾರ್ದದ ಕಂಬವಾಗಿ ನಿಲ್ಲಿಸುವ ಚಾಳಿ ನಮ್ಮ ಸಿನಿಮಾದವರಿಗೂ ಕತೆಗಾರರಿಗೂ ಇದೆ. ಈ ಚಿತ್ರಕ್ಕೆ ಆ ಕಂಬ ಬೇಕಾಗಲಿಲ್ಲ. ಒಂದೇ ಬೆಂಚಿನಲ್ಲಿ ಕೂತವರಿಗೆ ಸೌಹಾರ್ದದ ಭಾಷಣ ಬೇಡ.

ತೊಡಕಿರುವುದು ಆ ಬೆಂಚಿನಲ್ಲೇ. ಚಿತ್ರದ ತರಗತಿ ತುಂಬಿದೆ. ಊರಿನ ಎಲ್ಲ ಜಾತಿಯ, ಎಲ್ಲ ಅಂತಸ್ತಿನ ಮಕ್ಕಳು ಅಲ್ಲಿದ್ದಾರೆ. ಶಾಲೆಗೆ ಬೀಗ ಬೀಳುವುದು ಹೊರಗಿನ ಒಬ್ಬ ಅಧಿಕಾರಿಯಿಂದ. ಅವನ ಭಾಷೆ ಬೇರೆ, ರಾಜ್ಯ ಬೇರೆ. ನಿಜವಾದ ಶಾಲೆಗಳಲ್ಲಿ ಹೀಗೆ ಆಗುವುದಿಲ್ಲ. ಮೊದಲು ಬೆಂಚು ಖಾಲಿಯಾಗುತ್ತದೆ, ಆಮೇಲೆ ಶಿಕ್ಷಕರ ಹುದ್ದೆ ಖಾಲಿಯಾಗುತ್ತದೆ, ಬೀಗ ಬರುವುದು ಕಟ್ಟಕಡೆಗೆ. ಆ ಬೀಗ ಹಿಡಿದು ಬರುವ ಅಧಿಕಾರಿ ನಮ್ಮದೇ ಭಾಷೆಯವನು, ಬಹಳ ಸಲ ಅದೇ ಶಾಲೆಯ ಹಳೆಯ ವಿದ್ಯಾರ್ಥಿ. ಬೆಂಚು ಖಾಲಿ ಮಾಡಿ ಹೋದವರು ಯಾರು, ಎತ್ತ ಹೋದರು, ಯಾಕೆ ಹೋದರು ಎಂಬ ಪ್ರಶ್ನೆಯನ್ನು ಚಿತ್ರ ಕೇಳುವುದೇ ಇಲ್ಲ.

ಚಿತ್ರೀಕರಣ ನಡೆದದ್ದು ಬಂಟ್ವಾಳ ತಾಲೂಕಿನ ಕೈರಂಗಳದ ಸರ್ಕಾರಿ ಶಾಲೆಯಲ್ಲಿ. ಕರ್ನಾಟಕದ ಶಾಲೆ, ಕನ್ನಡದ ಶಾಲೆ, ಮಲಯಾಳಿ ಅಧಿಕಾರಿಯ ಕಾಟವಿಲ್ಲದ ಶಾಲೆ. ಅದರ ಮಕ್ಕಳ ಸಂಖ್ಯೆಯೂ ಕುಸಿಯುತ್ತಿತ್ತು. ಮುಂದೆ ರಿಷಬ್ ಶೆಟ್ಟಿಯವರೇ ಅದನ್ನು ದತ್ತು ತೆಗೆದುಕೊಂಡರು. ಅದು ಅವರ ದೊಡ್ಡಗುಣ. ಆದರೆ ಕ್ಯಾಮೆರಾದ ಮುಂದೆ ಕಾಸರಗೋಡಾಗಿ ನಟಿಸಿದ ಆ ಕಟ್ಟಡದ ಸ್ವಂತ ಕತೆ ಚಿತ್ರದ ಕತೆಗಿಂತ ಹೆಚ್ಚು ಸಂಕೀರ್ಣವಾಗಿತ್ತು ಎಂದು ನನಗೆ ಅನ್ನಿಸುತ್ತದೆ. ಆ ಕತೆಯನ್ನು ಯಾರೂ ಸಿನಿಮಾ ಮಾಡಲಿಲ್ಲ. ಮಾಡಿದ್ದರೆ ಚಪ್ಪಾಳೆ ಹೊಡೆಯುವ ಕೈಗಳಿಗೆ ಕಷ್ಟವಾಗುತ್ತಿತ್ತು, ಯಾಕೆಂದರೆ ಪ್ರೇಕ್ಷಕರೇ ಅದರಲ್ಲಿ ಪಾತ್ರಧಾರಿಗಳು.

ಚಿತ್ರದ ಹೆಸರಿನ ಕೊನೆಯ ತುಂಡನ್ನು ನೋಡಿ: 'ಕೊಡುಗೆ: ರಾಮಣ್ಣ ರೈ'. ನಗೆ ಬರಿಸಲು ಇಟ್ಟ ಹೆಸರಾದರೂ ಅದರಲ್ಲಿ ದಕ್ಷಿಣ ಕನ್ನಡದ ಒಂದು ಇತಿಹಾಸ ಅಡಗಿದೆ. ಮದ್ರಾಸ್ ಪ್ರಾಂತ್ಯದ ಕಾಲದ 'ಬೋರ್ಡ್ ಶಾಲೆ'ಗಳಿಂದ ಹಿಡಿದು ಇವತ್ತಿನ 'ದ.ಕ.ಜಿ.ಪಂ.ಹಿ.ಪ್ರಾ. ಶಾಲೆ'ಗಳವರೆಗೆ, ಇಲ್ಲಿನ ಸರ್ಕಾರಿ ಶಾಲೆ ಬರೀ ಸರ್ಕಾರ ಕಟ್ಟಿದ್ದಲ್ಲ. ಜಾಗ ಒಬ್ಬ ಗುತ್ತಿನವರದು, ಮರ ಇನ್ನೊಬ್ಬರ ಗುಡ್ಡೆಯದ್ದು, ಹಂಚು ಊರವರ ವಂತಿಗೆಯದ್ದು. ಗೋಡೆಯಲ್ಲಿ ಹುಗಿದ ಅಮೃತಶಿಲೆಯ ಹಲಗೆಗಳನ್ನು ಓದುತ್ತಾ ಹೋದರೆ ರೈ, ಭಟ್, ಹಾಜಿ, ಡಿಸೋಜ ಎಲ್ಲರ ಹೆಸರೂ ಸಿಗುತ್ತದೆ. ಕೊಟ್ಟವರು ತಮ್ಮ ಮಕ್ಕಳನ್ನೂ ಅಲ್ಲಿಗೇ ಕಳಿಸುತ್ತಿದ್ದರು ಎಂಬುದು ಕೊಟ್ಟದ್ದಕ್ಕಿಂತ ದೊಡ್ಡ ಸಂಗತಿ. ಅದೇನು ಸುವರ್ಣಯುಗವಾಗಿತ್ತು ಎನ್ನುತ್ತಿಲ್ಲ. ದಲಿತರ ಮಕ್ಕಳು ಎಲ್ಲಿ ಕೂರಬೇಕು, ಯಾವ ಲೋಟದಲ್ಲಿ ನೀರು ಕುಡಿಯಬೇಕು ಎಂಬ ಕ್ರೌರ್ಯ ಆ ಶಾಲೆಗಳಲ್ಲೂ ಇತ್ತು. 1892ರಲ್ಲಿ ಮಂಗಳೂರಿನಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದ ಕಾಸರಗೋಡು ಮೂಲದ ಕುದ್ಮುಲ್ ರಂಗರಾಯರು ಸ್ವಜಾತಿಯವರಿಂದ ಬಹಿಷ್ಕಾರ ಉಂಡದ್ದು ನಮಗೆ ಗೊತ್ತು. ಆದರೂ ಬಾಗಿಲು ಒಂದೇ ಇತ್ತು. ಒಳಗಿನ ಜಗಳ ಒಳಗೇ ನಡೆಯಬೇಕಿತ್ತು. ಈಗ ಬಾಗಿಲುಗಳೇ ಬೇರೆಬೇರೆ. ರಾಮಣ್ಣ ರೈಗಳ ಮೊಮ್ಮಕ್ಕಳು ಶಾಲೆ ಕೊಡುವುದಿಲ್ಲ, ಶಾಲೆ ನಡೆಸುತ್ತಾರೆ.

ನಾನಿರುವ ನರಿಮೊಗರಿನಲ್ಲಿ ಬೆಳಗ್ಗೆ ಎಂಟರ ಹೊತ್ತಿಗೆ ಪುತ್ತೂರು–ಸವಣೂರು ರಸ್ತೆಯ ಬದಿ ನಿಂತರೆ ಒಂದು ಸಮಾಜಶಾಸ್ತ್ರದ ಪಾಠವೇ ಸಿಗುತ್ತದೆ. ಹಳದಿ ಬಸ್ಸುಗಳು, ಓಮ್ನಿಗಳು, ಮಕ್ಕಳನ್ನು ಅಡಕೆ ಮೂಟೆಯಂತೆ ತುಂಬಿಸಿಕೊಂಡ ರಿಕ್ಷಾಗಳು. ಪುತ್ತೂರು ಪೇಟೆಯಲ್ಲಿ ಶಿಕ್ಷಣವೆಂಬುದು ಅಡಕೆ, ರಬ್ಬರುಗಳಷ್ಟೇ ದೊಡ್ಡ ವಹಿವಾಟು. ಯಾವ ಬಸ್ಸು ಯಾವ ಧರ್ಮದವರ ಆಡಳಿತದ್ದು ಎಂದು ಸಣ್ಣ ಮಕ್ಕಳೂ ಬಣ್ಣ ನೋಡಿ ಹೇಳುತ್ತವೆ. ಹಿಂದೂ ಸಂಸ್ಥೆಗಳ ಬಸ್ಸು, ಚರ್ಚಿನ ಶಾಲೆಯ ಬಸ್ಸು, ಗಲ್ಫಿನ ದುಡ್ಡಿನಲ್ಲಿ ಎದ್ದ ನಮ್ಮವರ ಇಂಗ್ಲಿಷ್ ಮೀಡಿಯಂ ಬಸ್ಸು. ಒಂದೇ ಓಣಿಯ ಮೂರು ಮನೆಯ ಮಕ್ಕಳು ಮೂರು ಬಸ್ಸು ಹತ್ತಿ ಹೋಗುತ್ತಾರೆ, ಸಂಜೆ ಬಂದವರು ಟ್ಯೂಷನ್ನಿಗೋ ಮದರಸಕ್ಕೋ ಭಜನೆಗೋ ಹೋಗುತ್ತಾರೆ. ಹತ್ತು ವರ್ಷ ಒಂದೇ ಓಣಿಯಲ್ಲಿ ಬೆಳೆದೂ ಒಬ್ಬರ ಹೆಸರು ಒಬ್ಬರಿಗೆ ಗೊತ್ತಿರುವುದಿಲ್ಲ. ಕರಾವಳಿಯ ಕೋಮುವಾದದ ಬಗ್ಗೆ ನಾವು ಬರೆದ ಲೇಖನಗಳಿಗೆ ಲೆಕ್ಕವಿಲ್ಲ. ಭಾಷಣಕಾರರನ್ನು ಬೈದೆವು, ಪತ್ರಿಕೆಗಳನ್ನು ಬೈದೆವು. ಈ ಬಸ್ಸುಗಳ ಬಗ್ಗೆ ಬರೆದವರು ಕಡಿಮೆ. ದ್ವೇಷಕ್ಕೆ ಮೊದಲು ಅಪರಿಚಿತತೆ ಬೇಕು, ಅದನ್ನು ನಾವೇ ಫೀಸು ಕಟ್ಟಿ ಕೊಂಡುಕೊಂಡಿದ್ದೇವೆ.

ಬಸ್ಸುಗಳು ಹೋದ ಮೇಲೆ ರಸ್ತೆಯ ಬದಿಯಲ್ಲಿ ನಡೆದು ಹೋಗುವ ಮಕ್ಕಳಿದ್ದಾರೆ. ಬೀಡಿ ಕಟ್ಟುವವರ ಮಕ್ಕಳು, ದಲಿತ ಕಾಲನಿಯ ಮಕ್ಕಳು, ಉತ್ತರ ಕರ್ನಾಟಕದಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು, ಗಂಡನಿಂದ ತಲಾಖ್ ಆಗಿ ತವರಿಗೆ ಬಂದ ಹೆಣ್ಣುಮಕ್ಕಳ ಮಕ್ಕಳು. ಈ ಭಾಗದ ಸರ್ಕಾರಿ ಶಾಲೆಗಳು ಉಳಿದಿರುವುದು ಇವರಿಂದ. ಅಣ್ಣ ಹಳದಿ ಬಸ್ಸಿನಲ್ಲಿ ಹೋಗಿ ತಂಗಿ ನಡೆದು ಹೋಗುವ ಮನೆಗಳೂ ಇವೆ, ನಮ್ಮಲ್ಲಿ ಇಂಥವು ತುಸು ಹೆಚ್ಚೇ ಇವೆ. 'ಶಾಲೆ ಒಳ್ಳೆದುಂಟು ಟೀಚರ್, ಮೇಷ್ಟ್ರುಗಳೂ ಪಾಪ ಒಳ್ಳೆಯವರು, ಆದ್ರೆ ಅಲ್ಲಿ ಯಾರ ಮಕ್ಕಳುಂಟು ಹೇಳಿ' ಎಂದು ಪರಿಚಯದ ಒಬ್ಬ ರಿಕ್ಷಾ ಚಾಲಕ ನನ್ನಲ್ಲಿ ಕೇಳಿದ್ದ. ಬ್ಯಾರಿ ಹುಡುಗ, ಸ್ವತಃ ಸರ್ಕಾರಿ ಶಾಲೆಯಲ್ಲಿ ಕಲಿತವನು. ಅವನಿಗೆ ಗಣಿತ, ವಿಜ್ಞಾನದ ಚಿಂತೆ ಇರಲಿಲ್ಲ. ಮಗ ಯಾರ ಪಕ್ಕದಲ್ಲಿ ಕೂರುತ್ತಾನೆ ಎಂಬುದರ ಚಿಂತೆ ಇತ್ತು. ಮಾರುಕಟ್ಟೆ ಮಾರುವುದೇ ಅದನ್ನು. ಖಾಸಗಿ ಶಾಲೆಯ ಫೀಸಿನಲ್ಲಿ ಇಂಗ್ಲಿಷಿಗೆ ಕೊಡುವ ಪಾಲೆಷ್ಟು, ಬಡವರ ಮಕ್ಕಳಿಂದ ದೂರ ಕೂರಿಸಿದ್ದಕ್ಕೆ ಕೊಡುವ ಪಾಲೆಷ್ಟು ಎಂದು ಯಾರೂ ರಸೀದಿಯಲ್ಲಿ ಬರೆಯುವುದಿಲ್ಲ.

ಇದನ್ನೆಲ್ಲ ಬರೀ ತಂದೆತಾಯಂದಿರ ಮನಸ್ಸಿನ ಮೇಲೆ ಹೊರಿಸಿ ಕೈತೊಳೆದುಕೊಳ್ಳುವುದು ಸುಲಭ. ಕನ್ನಡದ ವೇದಿಕೆಗಳಲ್ಲಿ ಹಾಗೆ ಮಾಡುತ್ತಲೇ ಬಂದಿದ್ದೇವೆ. ಆದರೆ ಬೆಂಚು ಖಾಲಿಯಾದದ್ದರ ಹಿಂದೆ ಕಾನೂನು, ಕೋರ್ಟು, ಬಜೆಟ್ಟುಗಳ ಒಂದು ಸರಪಳಿ ಇದೆ. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಒಂದೇ ದಿನ ಎರಡು ತೀರ್ಪು ಕೊಟ್ಟಿತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲೇ ಕಲಿಸಬೇಕೆಂದು 1994ರಲ್ಲಿ ಕರ್ನಾಟಕ ಹೊರಡಿಸಿದ್ದ ಆದೇಶ ಒಂದರಲ್ಲಿ ಬಿದ್ದುಹೋಯಿತು. ಶಿಕ್ಷಣ ಹಕ್ಕು ಕಾಯ್ದೆ ಅಲ್ಪಸಂಖ್ಯಾತರ ಶಾಲೆಗಳಿಗೆ, ಅವು ಅನುದಾನಿತವಾದರೂ ಸರಿ, ಅನ್ವಯಿಸುವುದಿಲ್ಲ ಎಂದು ಇನ್ನೊಂದರಲ್ಲಿ ಹೇಳಿತು. ಮೊದಲನೆಯದಕ್ಕೆ ಕನ್ನಡದ ಲೇಖಕರು ಗೋಳಾಡಿದರು, ಎರಡನೆಯದನ್ನು ನಮ್ಮ ಸಮುದಾಯದ ಸಂಸ್ಥೆಗಳು ಜಯವೆಂದು ಕೊಂಡಾಡಿದವು. ಎರಡರ ಒಳಗಿನ ಎಳೆ ಒಂದೇ ಎಂಬುದನ್ನು ಇಬ್ಬರೂ ಗಮನಿಸಲಿಲ್ಲ. ಶಾಲೆ ನಡೆಸುವವನ ಹಕ್ಕು ಗೆದ್ದಿತ್ತು, ಆಯ್ಕೆ ಮಾಡುವ ಪೋಷಕನ ಹಕ್ಕು ಗೆದ್ದಿತ್ತು. ಆಯ್ಕೆಗೆ ದುಡ್ಡಿಲ್ಲದವನ ಮಗು ಎರಡು ತೀರ್ಪಿನಲ್ಲೂ ಹೊರಗೇ ನಿಂತಿತ್ತು. ಎರಡನೆಯ ತೀರ್ಪಿನ ಬಗ್ಗೆ 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟಿನದೇ ಇನ್ನೊಂದು ಪೀಠ ಸಂದೇಹ ಎತ್ತಿ ವಿಷಯವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟಿತು. ಆ ಸಂದೇಹಕ್ಕೆ ಕಾರಣವಾದ ಸಂಗತಿಗಳನ್ನು ನಮ್ಮವರು ಸಿಟ್ಟಿಲ್ಲದೆ ಓದುವುದು ಒಳ್ಳೆಯದು.

ಇನ್ನು ಶಿಕ್ಷಣ ಹಕ್ಕು ಕಾಯ್ದೆಯ ಶೇಕಡಾ 25ರ ಕತೆ. ಖಾಸಗಿ ಶಾಲೆಯ ಕಾಲು ಭಾಗ ಸೀಟು ಬಡವರ, ಹಿಂದುಳಿದವರ ಮಕ್ಕಳಿಗೆ, ಫೀಸು ಸರ್ಕಾರದ್ದು. 2012ರಿಂದ ಕರ್ನಾಟಕದಲ್ಲಿ ಇದು ಜಾರಿಗೆ ಬಂತು. ಒಂದು ಕಡೆಯಿಂದ ನೋಡಿದರೆ ಇದು ಸಮಾನತೆ. ಇನ್ನೊಂದು ಕಡೆಯಿಂದ ನೋಡಿದರೆ, ತನ್ನ ಶಾಲೆ ಕೆಟ್ಟದ್ದು, ಪಕ್ಕದ ಅಂಗಡಿಯದ್ದು ಒಳ್ಳೆಯದು ಎಂದು ಸರ್ಕಾರವೇ ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು. ಸರ್ಕಾರಿ ಶಾಲೆಯ ಮೇಷ್ಟ್ರುಗಳು ಇದನ್ನು ಮೊದಲ ದಿನದಿಂದಲೇ ಹೇಳುತ್ತಿದ್ದರು. 2017ರಲ್ಲಿ ಎಸ್.ಜಿ. ಸಿದ್ಧರಾಮಯ್ಯ ಅಧ್ಯಕ್ಷರಾಗಿದ್ದಾಗ ಕನ್ನಡ ಅಭಿವೃದ್ಧಿ ಪ್ರಾಧಿಕಾರ ಸರ್ಕಾರಿ ಶಾಲೆಗಳ ಸಬಲೀಕರಣಕ್ಕೆ ವರದಿಯನ್ನೂ ಕೊಟ್ಟಿತು. ಸರ್ಕಾರ ಬೇರೆ ದಾರಿ ಹಿಡಿಯಿತು. 2018ರ ಕೊನೆಯಲ್ಲಿ ನಿಯಮ ತಿದ್ದಿ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಈ ಸೀಟು ಇಲ್ಲ ಎಂದಿತು. ಹೈಕೋರ್ಟು 2019ರ ಮೇ ತಿಂಗಳಲ್ಲಿ ಅದನ್ನು ಎತ್ತಿಹಿಡಿಯಿತು. ಒಂದೂವರೆ ಲಕ್ಷದಷ್ಟಿದ್ದ ಸೀಟುಗಳು ಒಂದೇ ವರ್ಷದಲ್ಲಿ ಇಪ್ಪತ್ತು ಸಾವಿರದೊಳಗೆ ಇಳಿದವು. ಮಹಾರಾಷ್ಟ್ರ ಇದೇ ಬಗೆಯ ತಿದ್ದುಪಡಿ ತಂದಾಗ ಬಾಂಬೆ ಹೈಕೋರ್ಟು 2024ರಲ್ಲಿ ಅದನ್ನು ರದ್ದುಪಡಿಸಿತು, ಸುಪ್ರೀಂ ಕೋರ್ಟು ಆ ತೀರ್ಪನ್ನು ಒಪ್ಪಿತು.

ಕರ್ನಾಟಕದ ತಿದ್ದುಪಡಿಯನ್ನು ಸರ್ಕಾರಿ ಶಾಲೆಯ ಅಭಿಮಾನಿಗಳು ಹಲವರು ಸ್ವಾಗತಿಸಿದರು. ನನಗೆ ಸ್ವಾಗತಿಸಲು ಆಗುವುದಿಲ್ಲ. ಉಳ್ಳವನ ಮಗುವಿಗೆ ಸರ್ಕಾರಿ ಶಾಲೆಗೆ ಬಾ ಎಂದು ಯಾರೂ ಹೇಳಲಿಲ್ಲ. ಇಲ್ಲದವನ ಮಗುವಿಗೆ ಮಾತ್ರ ನಿನಗೆ ಅದೇ ಸಾಕು ಎಂದರು. ಸರ್ಕಾರಿ ನೌಕರರ, ಜನಪ್ರತಿನಿಧಿಗಳ ಮಕ್ಕಳು ಸರ್ಕಾರಿ ಪ್ರಾಥಮಿಕ ಶಾಲೆಗೇ ಹೋಗಬೇಕೆಂದು 2015ರ ಆಗಸ್ಟಿನಲ್ಲಿ ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಸುಧೀರ್ ಅಗರ್ವಾಲ್ ಆದೇಶಿಸಿದ್ದರು. ಆ ಆದೇಶ ಕಾಗದದಲ್ಲೇ ಉಳಿಯಿತು. 1966ರಲ್ಲಿ ಕೊಠಾರಿ ಆಯೋಗ ಹೇಳಿದ ಸಮಾನ ಶಾಲೆ, ನೆರೆಹೊರೆಯ ಶಾಲೆಯ ಮಾತಿಗೆ ಆದ ಗತಿಯೇ ಇದಕ್ಕೂ ಆಯಿತು.

ಇದೇ ಕತೆ ಬಹುದೂರದ ಒಂದು ಊರಿನಲ್ಲಿ ಇನ್ನೂ ನಿಚ್ಚಳವಾಗಿ ನಡೆದಿದೆ. ಅಮೆರಿಕದ ಶಿಕಾಗೋದಲ್ಲಿ 2013ರ ಮೇ 22ರಂದು ಅಲ್ಲಿನ ಶಿಕ್ಷಣ ಮಂಡಳಿ ಒಂದೇ ಸಭೆಯಲ್ಲಿ 50 ಸರ್ಕಾರಿ ಶಾಲೆಗಳನ್ನು ಮುಚ್ಚಲು ಮತ ಹಾಕಿತು. ಮೇಯರ್ ರಾಹ್ಮ್ ಇಮ್ಯಾನುಯೆಲ್ ಕೊಟ್ಟ ಕಾರಣ ನಮಗೂ ಪರಿಚಿತವಾದದ್ದೇ: ಕಟ್ಟಡ ದೊಡ್ಡದು, ಮಕ್ಕಳು ಕಡಿಮೆ, ಬೊಕ್ಕಸಕ್ಕೆ ನಷ್ಟ. ಆ ನಗರದ ಸರ್ಕಾರಿ ಶಾಲೆಗಳಲ್ಲಿ ಕಪ್ಪು ಮಕ್ಕಳ ಪಾಲು ಶೇಕಡಾ 40ರ ಸುಮಾರು. ಮುಚ್ಚಿದ ಶಾಲೆಗಳಲ್ಲಿ ಅವರ ಪಾಲು ಹತ್ತಕ್ಕೆ ಒಂಬತ್ತರಷ್ಟು. ಮಕ್ಕಳು ಕಡಿಮೆಯಾದದ್ದಾದರೂ ಹೇಗೆ? ಅದಕ್ಕೆ ಮೊದಲಿನ ದಶಕದಲ್ಲಿ ಕಪ್ಪು ಜನರಿದ್ದ ಸರ್ಕಾರಿ ವಸತಿ ಕಟ್ಟಡಗಳನ್ನು ನಗರಾಡಳಿತವೇ ಕೆಡವಿತ್ತು, 2004ರಿಂದ 'ರಿನೈಸೆನ್ಸ್ 2010' ಎಂಬ ಯೋಜನೆಯಲ್ಲಿ ಸರ್ಕಾರಿ ದುಡ್ಡಿನ, ಖಾಸಗಿ ಆಡಳಿತದ ಚಾರ್ಟರ್ ಶಾಲೆಗಳನ್ನು ಪಕ್ಕದಲ್ಲೇ ತೆರೆಯುತ್ತ ಹೋಗಿತ್ತು. ಮೊದಲು ಮನೆ ಒಡೆದರು, ಆಮೇಲೆ ಅಂಗಡಿ ಇಟ್ಟರು, ಆಮೇಲೆ ಶಾಲೆಯಲ್ಲಿ ಮಕ್ಕಳಿಲ್ಲ ಎಂದರು. ಅಲ್ಲಿ ಶಿಕ್ಷಕಿಯಾಗಿದ್ದ, ಕವಿಯೂ ಆದ ಈವ್ ಯೂಯಿಂಗ್ 2018ರಲ್ಲಿ ಈ ಮುಚ್ಚುವಿಕೆಯ ಬಗ್ಗೆಯೇ ಒಂದು ಪುಸ್ತಕ ಬರೆದರು. ಅವರು ಹಿಂದೆ ಪಾಠ ಮಾಡಿದ ಶಾಲೆಯೂ ಮುಚ್ಚಿದವುಗಳಲ್ಲಿ ಒಂದು. ಬ್ರಾಂಜ್‌ವಿಲ್ ಬಡಾವಣೆಯ ಡೈಯೆಟ್ ಹೈಸ್ಕೂಲಿಗಾಗಿ 2015ರಲ್ಲಿ ಪೋಷಕರು, ಅಜ್ಜಿಯರು 34 ದಿನ ಉಪವಾಸ ಕೂತರು. ಮರುವರ್ಷ ಶಾಲೆ ತೆರೆಯಿತು.

ಶಿಕಾಗೋದವರಿಗೆ ಇದನ್ನು ವರ್ಣಭೇದ ಎಂದು ಕರೆಯಲು ಸಾಧ್ಯವಾದದ್ದು ಲೆಕ್ಕ ಇದ್ದುದರಿಂದ. ಯಾವ ಶಾಲೆಯಲ್ಲಿ ಯಾವ ಜನಾಂಗದ ಮಕ್ಕಳೆಷ್ಟು ಎಂಬುದು ಅಲ್ಲಿ ಎಲ್ಲರಿಗೂ ಸಿಗುವ ಮಾಹಿತಿ. ನಮ್ಮಲ್ಲೂ ಪ್ರತಿ ಶಾಲೆ ಪ್ರತಿ ವರ್ಷ ಮಕ್ಕಳ ಜಾತಿ, ಧರ್ಮದ ವಿವರವನ್ನು ಕಂಪ್ಯೂಟರಿಗೆ ತುಂಬಿಸುತ್ತದೆ. ಆದರೆ ವಿಲೀನದ ಚರ್ಚೆಗೆ ಬಂದಾಗ ಒಂದೇ ಅಂಕಿ ಮುಂದಿಡುತ್ತಾರೆ: ಹತ್ತಕ್ಕಿಂತ ಕಡಿಮೆ, ಇಪ್ಪತ್ತಕ್ಕಿಂತ ಕಡಿಮೆ. ಆ ಹತ್ತು ಮಕ್ಕಳು ಯಾರು? ಅವರಲ್ಲಿ ಪರಿಶಿಷ್ಟರೆಷ್ಟು, ಮುಸ್ಲಿಮರೆಷ್ಟು, ಹೆಣ್ಣುಮಕ್ಕಳೆಷ್ಟು? 28,847 ಎಂಬ ಸಂಖ್ಯೆಯ ಜೊತೆಗೆ ಈ ಪಟ್ಟಿಯನ್ನೂ ಸದನದ ಮುಂದಿಡಿ ಎಂದು ಆಗ ಯಾರೂ ಕೇಳಿದ್ದು ನನ್ನ ನೆನಪಿನಲ್ಲಿಲ್ಲ. ಕನ್ನಡ ಉಳಿಯಬೇಕು ಎಂದು ಕೇಳಿದೆವು. ಕನ್ನಡ ಶಾಲೆ ಎಂದಾಕ್ಷಣ ನಾವು ಭಾಷೆಯನ್ನು ನೋಡುತ್ತೇವೆ, ಮಗುವನ್ನು ನೋಡುವುದಿಲ್ಲ. ರಿಷಬ್ ಶೆಟ್ಟಿಯವರ ಚಿತ್ರಕ್ಕೆ ಅಂಟಿದ ಮಿತಿಯೂ ಇದೇ, ಅದು ಅವರೊಬ್ಬರ ಮಿತಿಯಲ್ಲ.

ಇನ್ನೊಂದು ಶಬ್ದದ ಪ್ರಯಾಣವನ್ನು ಗಮನಿಸಬೇಕು. ಅಮೆರಿಕದಲ್ಲಿ 1970ರ ದಶಕದಲ್ಲಿ 'ಮ್ಯಾಗ್ನೆಟ್ ಶಾಲೆ' ಎಂಬುದನ್ನು ತಂದದ್ದು ಕಪ್ಪು, ಬಿಳಿ ಮಕ್ಕಳು ಒತ್ತಾಯವಿಲ್ಲದೆ ಒಂದೇ ಶಾಲೆಗೆ ಬರಲಿ ಎಂದು. ಸಂಗೀತ, ವಿಜ್ಞಾನ ಮುಂತಾದ ಆಕರ್ಷಣೆ ಇಟ್ಟು ಎರಡೂ ಕಡೆಯವರನ್ನು ಸೆಳೆಯುವುದು ಆಗಿನ ಉದ್ದೇಶ. 2025ರಲ್ಲಿ ಅದೇ ಶಬ್ದ ಕರ್ನಾಟಕ ಪಬ್ಲಿಕ್ ಶಾಲೆಗಳ ಬೆನ್ನಿಗೆ ಅಂಟಿಕೊಂಡು ನಮ್ಮಲ್ಲಿಗೆ ಬಂತು. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣ, ಇಂಗ್ಲಿಷ್ ವಿಭಾಗ, ಒಳ್ಳೆಯ ಕಟ್ಟಡ, ಬಸ್ಸು. ಇಲ್ಲಿ ಅಯಸ್ಕಾಂತ ಸೆಳೆಯುವುದು ಯಾರನ್ನು? ಹಳದಿ ಬಸ್ಸಿನ ಮಕ್ಕಳನ್ನಲ್ಲ, ಸುತ್ತಲಿನ ಸಣ್ಣ ಸರ್ಕಾರಿ ಶಾಲೆಗಳ ಮಕ್ಕಳನ್ನು. ವಿದ್ಯಾರ್ಥಿ ಸಂಘಟನೆಗಳು ಶಾಲೆ ಮುಚ್ಚುವ ಹುನ್ನಾರ ಎಂದು ಪ್ರತಿಭಟಿಸಿದವು, ಯಾವ ಶಾಲೆಯನ್ನೂ ಮುಚ್ಚುವುದಿಲ್ಲ ಎಂದು ಸರ್ಕಾರ ಹೇಳಿತು. ಪಬ್ಲಿಕ್ ಶಾಲೆಗಳನ್ನು ನಾನು ಸಾರಾಸಗಟಾಗಿ ವಿರೋಧಿಸುವವಳಲ್ಲ. ಐದು ತರಗತಿಗೆ ಇಬ್ಬರು ಮೇಷ್ಟ್ರಿರುವ ಶಾಲೆಯನ್ನು ಬರೀ ಭಾವುಕತೆಯಿಂದ ಹೊಗಳುವವರು ತಮ್ಮ ಮಗುವನ್ನು ಅಲ್ಲಿ ಒಂದು ವಾರ ಕೂರಿಸಿ ನೋಡಲಿ. 2019ರಿಂದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಆರಂಭಿಸಿದಾಗ ಅದನ್ನು ಕನ್ನಡದ್ರೋಹ ಎಂದ ಮಹನೀಯರ ಮೊಮ್ಮಕ್ಕಳು ಯಾವ ಮಾಧ್ಯಮದಲ್ಲಿದ್ದಾರೆ ಎಂಬುದನ್ನು ಕೇಳುವುದು ಅಸಭ್ಯವಾದೀತು, ಬಿಡೋಣ. ಬಂಟ್ವಾಳ ತಾಲೂಕಿನ ದಡ್ಡಲಕಾಡಿನಲ್ಲಿ ಊರಿನ ದುರ್ಗಾ ಫ್ರೆಂಡ್ಸ್ ಕ್ಲಬ್ಬಿನ ಯುವಕರು ಮುಚ್ಚುವ ಹಂತದ ಸರ್ಕಾರಿ ಶಾಲೆಯನ್ನು ದತ್ತು ಪಡೆದು, ಇಂಗ್ಲಿಷ್ ಸೇರಿಸಿ, ವಾಹನ ಇಟ್ಟು ಮತ್ತೆ ತುಂಬಿಸಿದ್ದು ನಮ್ಮ ಕಣ್ಣೆದುರಿಗಿದೆ. ಅಲ್ಲಿಯದೂ ಅಯಸ್ಕಾಂತವೇ. ಆದರೆ ಅದು ಊರಿನೊಳಗೆ ಹುಟ್ಟಿದ್ದು, ಬೇರೆ ಶಾಲೆ ಮುಚ್ಚಲು ಇಟ್ಟದ್ದಲ್ಲ.

ಇನ್ನು ನಮ್ಮ ಸಮುದಾಯದ ವಿಷಯ. ಮದರಸಗಳೇ ಮುಸ್ಲಿಮರ ಹಿಂದುಳಿಯುವಿಕೆಗೆ ಕಾರಣ ಎನ್ನುವವರಿಗೆ, ಶಾಲೆಗೆ ಹೋಗುವ ವಯಸ್ಸಿನ ಮುಸ್ಲಿಂ ಮಕ್ಕಳಲ್ಲಿ ಪೂರ್ಣಾವಧಿ ಮದರಸದಲ್ಲಿರುವವರು ಶೇಕಡಾ 4ನ್ನು ದಾಟುವುದಿಲ್ಲ ಎಂದು 2006ರಲ್ಲೇ ಸಾಚಾರ್ ಸಮಿತಿ ಉತ್ತರಿಸಿದೆ. ಉಳಿದವರಲ್ಲಿ ಬಹುಪಾಲು ಬಡವರ ಮಕ್ಕಳಿಗೆ ಸರ್ಕಾರಿ ಶಾಲೆಯೇ ಗತಿ. ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗ 2021ರಲ್ಲಿ ಹೊರತಂದ ವರದಿಯಲ್ಲಿ ಒಂದು ಲೆಕ್ಕ ಇದೆ: ದೇಶದ ಧಾರ್ಮಿಕ ಅಲ್ಪಸಂಖ್ಯಾತರಲ್ಲಿ ಮುಸ್ಲಿಮರು ಶೇಕಡಾ 69, ಅಲ್ಪಸಂಖ್ಯಾತ ಶಾಲೆಗಳಲ್ಲಿ ಅವರದು ಶೇಕಡಾ 23ಕ್ಕೂ ಕಡಿಮೆ. ಆ ಶಾಲೆಗಳೆಲ್ಲವನ್ನೂ ಸೇರಿಸಿ ನೋಡಿದರೆ ಅಲ್ಲಿ ಕಲಿಯುವ ಹಿಂದುಳಿದ, ಬಡ ವರ್ಗದ ಮಕ್ಕಳು ಶೇಕಡಾ 9ನ್ನೂ ಮುಟ್ಟುವುದಿಲ್ಲ. ಆಯೋಗದ ರಾಜಕೀಯ ಏನೆಂದು ನನಗೂ ಗೊತ್ತು. ಆದರೆ ಬೇಡದವರು ಹೇಳಿದರೆಂದು ಅಂಕಿಯನ್ನು ಅಲ್ಲಗಳೆಯಲಾಗದು. ನಮ್ಮ ಜಮಾಅತಿನ ಬಡವರ ಹೆಸರು ಹೇಳಿ ದೇಣಿಗೆ ಎತ್ತಿ, ಆ ಬಡವರು ಫೀಸು ಕಟ್ಟಲಾಗದ ಶಾಲೆಗಳನ್ನು ಕರಾವಳಿಯುದ್ದಕ್ಕೂ ಕಟ್ಟಿದ್ದೇವೆ. ಅವು ಬೇಡವೆಂದಲ್ಲ. ಅವುಗಳನ್ನು ಸಮುದಾಯದ ಸೇವೆ ಎಂದು ಕರೆಯುವ ಮೊದಲು ಸಮುದಾಯದಲ್ಲಿ ಯಾರ ಸೇವೆ ಎಂದು ಕೇಳಬೇಕಷ್ಟೆ. ಉರ್ದುವಿನ ವಿಷಯವೂ ಹೀಗೆಯೇ. ಘಟ್ಟದ ಮೇಲಿನ ಉರ್ದು ಶಾಲೆಯಲ್ಲಿ ಅಲಿಫ್ ಬೇ ಕಲಿತು ಆಮೇಲೆ ಕನ್ನಡ ಶಾಲೆಗೆ ಬಂದವಳು ನಾನು. ಮುಶಾಯರಗಳಲ್ಲಿ ಉರ್ದುವಿನ ಮಾಧುರ್ಯಕ್ಕೆ ವಾಹ್ ಎನ್ನುವವರ ಮಕ್ಕಳು ಇವತ್ತು ಉರ್ದು ಶಾಲೆಯಲ್ಲಿಲ್ಲ. ಅಲ್ಲಿರುವುದು ಹಮಾಲರ, ಗುಜರಿಯವರ, ಮನೆಗೆಲಸದವರ ಮಕ್ಕಳು. ಭಾಷೆಯ ಹೆಸರು ಬದಲಾಯಿಸಿದರೆ ಕನ್ನಡ ಶಾಲೆಯದ್ದೇ ಕತೆ.

ಆದರೆ ಎಲ್ಲ ಹೊರಹೋಗುವಿಕೆಯೂ ಆಯ್ಕೆಯಲ್ಲ ಎಂಬುದನ್ನು 2022 ನಮಗೆ ತೋರಿಸಿತು. ಆ ವರ್ಷ ಫೆಬ್ರವರಿ 5ರ ಸರ್ಕಾರಿ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪುಗಳ ನಂತರ ಉಡುಪಿ ಜಿಲ್ಲೆಯಲ್ಲಿ ಏನಾಯಿತೆಂಬ ಅಂಕಿ ಪತ್ರಿಕೆಗಳಲ್ಲಿ ಬಂತು. 2021-22ರಲ್ಲಿ ಅಲ್ಲಿನ ಸರ್ಕಾರಿ ಕಾಲೇಜುಗಳ ಮೊದಲ ಪಿಯುಸಿಗೆ 388 ಮುಸ್ಲಿಂ ವಿದ್ಯಾರ್ಥಿಗಳು ಸೇರಿದ್ದರು, ಮರುವರ್ಷ 186. ಹುಡುಗಿಯರು 178ರಿಂದ 91ಕ್ಕೆ ಇಳಿದರು, ಹುಡುಗರೂ 210ರಿಂದ 95ಕ್ಕೆ ಇಳಿದರು. ಅದೇ ಅವಧಿಯಲ್ಲಿ ಖಾಸಗಿ ಕಾಲೇಜುಗಳಿಗೆ ಸೇರಿದ ಮುಸ್ಲಿಮರು 662ರಿಂದ 927ಕ್ಕೆ ಏರಿದರು. ಈ ಏರಿಕೆಯನ್ನು ಹಿಡಿದು, ನೋಡಿ, ಶಿಕ್ಷಣವೇನೂ ನಿಲ್ಲಲಿಲ್ಲ ಎಂದವರಿದ್ದಾರೆ. ಸರ್ಕಾರ ತನ್ನ ಬಾಗಿಲಲ್ಲಿ ತಡೆದದ್ದನ್ನು ಮಾರುಕಟ್ಟೆ ತನ್ನ ಬಾಗಿಲಲ್ಲಿ ಫೀಸು ತೆಗೆದುಕೊಂಡು ಒಳಬಿಟ್ಟಿತು. ಪುಕ್ಕಟೆ ಸಿಗಬೇಕಿದ್ದ ಹಕ್ಕು ಕ್ರಯಕ್ಕೆ ಬಂತು. ಆ ಕ್ರಯ ಹೊಂದಿಸಲು ಯಾರ ಮನೆಯ ಬೆಂಡೋಲೆ ಸೊಸೈಟಿಗೆ ಹೋಯಿತು, ಹೊಂದಿಸಲಾಗದೆ ಯಾವ ಹುಡುಗಿ ಬೀಡಿಯ ಗೆರಸಿ ಹಿಡಿದು ಕೂತಳು ಎಂಬುದು ಆ ಅಂಕಿಗಳಲ್ಲಿ ಇಲ್ಲ. ಅದನ್ನು ಕತೆಗಾರರು ಬರೆಯಬೇಕಿತ್ತು. ನಮ್ಮಲ್ಲಿ ಹಿಜಾಬಿನ ಬಗ್ಗೆ ಕವಿತೆ ಬಂದಷ್ಟು ಫೀಸಿನ ಬಗ್ಗೆ ಕತೆ ಬರಲಿಲ್ಲ.

ಹರೇಕಳ ಹಾಜಬ್ಬರ ಕತೆಯನ್ನು ನಾವು ಓದಿರುವ ರೀತಿಯೂ ತುಸು ಕುಂಟೇ. ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದ, ಓದು ಬಾರದ ಬ್ಯಾರಿಯೊಬ್ಬರು ತಮ್ಮ ನ್ಯೂಪಡ್ಪು ಗ್ರಾಮಕ್ಕೆ ಶಾಲೆ ತಂದರು. ಮೊದಲಿಗೆ 28 ಮಕ್ಕಳು, ಮದರಸದ ಕೋಣೆ. 2020ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ರೇಷನ್ ಅಂಗಡಿಯ ಸಾಲಿನಿಂದ ರಾಷ್ಟ್ರಪತಿ ಭವನದವರೆಗೆ ಎಂದೆಲ್ಲ ಬರೆದೆವು. ಒಬ್ಬ ವ್ಯಕ್ತಿಯ ತ್ಯಾಗವಾಗಿ ಅದನ್ನು ಹಾಡಿದೆವು. ಅವರು ಮಾಡಿದ್ದರಲ್ಲಿ ತ್ಯಾಗಕ್ಕಿಂತ ಗಮನಿಸಬೇಕಾದದ್ದು ಒಂದಿದೆ: ಕೂಡಿಟ್ಟ ದುಡ್ಡಿನಲ್ಲಿ ಹಾಜಬ್ಬರು ಟ್ರಸ್ಟ್ ಮಾಡಲಿಲ್ಲ. ಕಚೇರಿಯಿಂದ ಕಚೇರಿಗೆ ಅಲೆದು ಸರ್ಕಾರಿ ಶಾಲೆಯನ್ನೇ ತಂದರು. ಅದು ಹೈಸ್ಕೂಲಾಗಬೇಕೆಂದು ಅಲೆದರು, ಪ್ರಶಸ್ತಿ ಬಂದ ಮೇಲೂ ಪಿಯು ಕಾಲೇಜು ಕೊಡಿ ಎಂದು ಅರ್ಜಿ ಹಿಡಿದು ಅಲೆದರು. ಶಾಲೆ ಕೊಡುವುದು ಸರ್ಕಾರದ ಕೆಲಸ, ಅದನ್ನು ಮಾಡಿಸುವುದು ನನ್ನ ಕೆಲಸ ಎಂಬ ಸರಳವಾದ ತಿಳಿವಳಿಕೆ ಅಕ್ಷರ ಕಲಿತ ನಮ್ಮಲ್ಲಿ ಹೆಚ್ಚಿನವರಿಗೆ ಬರಲಿಲ್ಲ. ಹಾಜಬ್ಬರನ್ನು ವೇದಿಕೆಗೆ ಕರೆದು ಶಾಲು ಹೊದಿಸಿದ ಖಾಸಗಿ ಶಾಲೆಗಳ ಸಂಖ್ಯೆ ದೊಡ್ಡದು. ಅವರಂಥ ಕೆಲಸಕ್ಕೆ ಹೆಗಲು ಕೊಟ್ಟವುಗಳ ಸಂಖ್ಯೆ ಕೇಳಬಾರದು.

ಚಿತ್ರದ ಕೊನೆಗೆ ಮರಳುವುದಾದರೆ, ಮಕ್ಕಳು ಮೈಸೂರಿಗೆ ಹೋಗಿ ಅನಂತಪದ್ಮನಾಭ ಎಂಬ ಹಿರಿಯರನ್ನು ಕರೆತರುತ್ತಾರೆ. ಅನಂತನಾಗ್ ಕೋರ್ಟಿನಲ್ಲಿ ವಾದಿಸಿ ಶಾಲೆ ಉಳಿಸುತ್ತಾರೆ. ಆ ಅಭಿನಯದ ಸೊಗಸಿನಲ್ಲಿ ಒಂದು ಸಂಗತಿ ಮರೆತುಹೋಗುತ್ತದೆ. ಭಾಷಾ ಅಲ್ಪಸಂಖ್ಯಾತರ ಹಕ್ಕು ಎಂಬ ಬಲವಾದ ಆಯುಧ ಕಾಸರಗೋಡಿನ ಶಾಲೆಗೆ ಇದೆ, ಕೈರಂಗಳದ ಶಾಲೆಗೆ ಇಲ್ಲ. ಕರ್ನಾಟಕದ ಕನ್ನಡ ಶಾಲೆ ಮುಚ್ಚಿದರೆ ಯಾವ ಕಲಮಿನ ಅಡಿಯಲ್ಲಿ ವಾದಿಸುವುದು? ಚಿತ್ರದಲ್ಲಿ ಖಳನಾದ ಕೇರಳದ ದಾಖಲೆಯನ್ನೂ ಪೂರ್ತಿ ಓದಬೇಕು. ಕೋಯಿಕ್ಕೋಡಿನ ಮಲಾಪರಂಬದಲ್ಲಿ ಅನುದಾನಿತ ಶಾಲೆಯೊಂದರ ವ್ಯವಸ್ಥಾಪಕರು ನಗರದ ಬೆಲೆಬಾಳುವ ಜಾಗದಲ್ಲಿದ್ದ ಶಾಲೆ ಲಾಭಕರವಲ್ಲ ಎಂದು ಮುಚ್ಚಲು ಹೊರಟರು, ಕೋರ್ಟೂ ಒಪ್ಪಿತು, ಊರವರು ತಡೆದು ನಿಂತರು. 2016ರಲ್ಲಿ ಅಲ್ಲಿನ ಸರ್ಕಾರ ಆ ಶಾಲೆಯನ್ನೇ ವಹಿಸಿಕೊಂಡಿತು. 2017ರಲ್ಲಿ ಸಾರ್ವಜನಿಕ ಶಿಕ್ಷಣ ಸಂರಕ್ಷಣೆಗೆಂದು ಆರಂಭಿಸಿದ ಅಭಿಯಾನದ ನಂತರದ ವರ್ಷಗಳಲ್ಲಿ ಅಲ್ಲಿ ಲಕ್ಷಗಟ್ಟಲೆ ಮಕ್ಕಳು ಸರ್ಕಾರಿ, ಅನುದಾನಿತ ಶಾಲೆಗಳಿಗೆ ಹೊಸದಾಗಿ ಬಂದರು. ಕನ್ನಡದ ಮಕ್ಕಳಿಗೆ ಮಲಯಾಳಿ ಮೇಷ್ಟ್ರನ್ನು ಕಳಿಸುವ ಅನ್ಯಾಯವನ್ನೂ ಅದೇ ಕೇರಳ ಮಾಡಿದೆ. ಎರಡೂ ನಿಜ, ಆದರೆ ಎರಡನ್ನೂ ಹೇಳುವ ಚಿತ್ರಕ್ಕೆ ಸೀಟಿ ಬೀಳುವುದಿಲ್ಲ.

ವಿಲೀನದ ಸುದ್ದಿ ಬಂದ ಊರುಗಳಲ್ಲಿ ಶಾಲಾಭಿವೃದ್ಧಿ ಸಮಿತಿಗಳು ಇವೆ. 2001ರ ಆದೇಶದ ಪ್ರಕಾರ ಅವು ಪೋಷಕರವು. ಆ ಸಭೆಗಳಿಗೆ ಬೀಡಿ ಕಟ್ಟುವ ತಾಯಂದಿರು ಬರುತ್ತಾರೆ, ಹಿಂದಿನ ಬೆಂಚಿನಲ್ಲಿ ಕೂತು ಸಹಿ ಹಾಕಿ ಹೋಗುತ್ತಾರೆ. ಇನ್ನು ಮುಂದೆ ಸಹಿ ಹಾಕುವ ಮೊದಲು ಅವರು ಮೂರು ಕಾಗದ ಕೇಳಿ ಪಡೆಯಲಿ. ಮುಚ್ಚುವ ಶಾಲೆಯ ಮಕ್ಕಳು ಯಾವ ಯಾವ ಸಮುದಾಯದವರು ಎಂಬ ಪಟ್ಟಿ, ಕಳೆದ ಹತ್ತು ವರ್ಷಗಳಲ್ಲಿ ಸುತ್ತಮುತ್ತ ಎಷ್ಟು ಖಾಸಗಿ ಶಾಲೆಗೆ ಅನುಮತಿ ಕೊಟ್ಟಿರಿ ಎಂಬ ಪಟ್ಟಿ, ಈ ಶಾಲೆಯ ಎಷ್ಟು ಹುದ್ದೆ ಎಷ್ಟು ವರ್ಷ ಖಾಲಿ ಬಿದ್ದಿತ್ತು ಎಂಬ ಪಟ್ಟಿ. ಮೂರೂ ಕಚೇರಿಯಲ್ಲಿ ಇರುವಂಥವೇ. ಮಳೆಗಾಲದಲ್ಲಿ ಹೊಳೆ ದಾಟಿ ಎರಡನೇ ತರಗತಿಯ ಮಗು ದೂರದ ಶಾಲೆಗೆ ಹೋಗುವುದು ಹೇಗೆಂದು ಕೇಳಿದರೆ ಬಸ್ಸು ಕೊಡುತ್ತೇವೆ ಎಂಬ ಉತ್ತರ ಸಿದ್ಧವಾಗಿರುತ್ತದೆ. ಆ ಬಸ್ಸಿನ ಡೀಸೆಲಿಗೆ ಎಷ್ಟು ವರ್ಷದ ದುಡ್ಡು ಇಟ್ಟಿದ್ದೀರಿ ಎಂಬುದನ್ನೂ ಅವರು ಬರವಣಿಗೆಯಲ್ಲೇ ಕೇಳಿ ಪಡೆಯಬೇಕು.